ಮಸಿಯ ಕಲೆಯಿಂದ ಅಂಕಿಗೆ: ಗಾಳಿಯ ದಾಖಲೆಗಳನ್ನು ಓದಿದ ಚರಿತ್ರೆ

ವಾಯುಮಾಲಿನ್ಯದ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ದುರಂತಗಳನ್ನೂ ಕಾಯಿದೆಗಳನ್ನೂ ಹಿಡಿದು ಹೊರಡುತ್ತಾರೆ. ಉಪಕರಣದ ಮುಂದೆ ನಿಂತು ಅಂಕಿ ಬರೆದುಕೊಂಡವರ ಕೆಲಸ ಅಡಿಟಿಪ್ಪಣಿಗೆ ಸರಿಯುತ್ತದೆ. ಹಳೆಯ ಅಂಕಿಗಳನ್ನು ಇಂದಿನವುಗಳ ಜೊತೆ ಇಟ್ಟು ನೋಡಬೇಕಾದಾಗ ಮಾತ್ರ ಅವರು ಹೇಗೆ ಓದಿದರು ಎಂಬ ಪ್ರಶ್ನೆ ಅಡ್ಡ ಬರುತ್ತದೆ. ಬ್ರಿಟನ್ನಿನ ಹೊಗೆಯ ದಾಖಲೆಗಳಲ್ಲಿ ಇದು ಚೆನ್ನಾಗಿ ಕಾಣುತ್ತದೆ.

1912ರಲ್ಲಿ ಲಂಡನ್ನಿನಲ್ಲಿ ನಡೆದ ಹೊಗೆ ನಿವಾರಣಾ ಪ್ರದರ್ಶನದ ಬೆನ್ನಿಗೇ ಹವಾಮಾನ ವಿಜ್ಞಾನಿ ನೇಪಿಯರ್ ಶಾ ಅವರ ಅಧ್ಯಕ್ಷತೆಯಲ್ಲಿ ಒಂದು ತನಿಖಾ ಸಮಿತಿ ರೂಪುಗೊಂಡಿತು. ಅದು ಬಳಕೆಗೆ ತಂದ ಸಾಧನ ಸರಳವಾದದ್ದು: ಬಯಲಲ್ಲಿಟ್ಟ ದೊಡ್ಡ ಆಲಿಕೆ, ಅದರ ಕೆಳಗೆ ಬಾಟಲಿ. ತಿಂಗಳಿಡೀ ಬಿದ್ದ ಮಳೆನೀರು, ಮಸಿ, ಬೂದಿಯನ್ನು ಪ್ರಯೋಗಾಲಯದಲ್ಲಿ ತೂಗಿ, ಚದರ ಮೈಲಿಗೆ ಇಷ್ಟು ಟನ್ ಎಂದು ಬರೆಯುತ್ತಿದ್ದರು. ಊರಿನ ಮೇಲೆ ಎಷ್ಟು ಕೊಳಕು ಇಳಿಯಿತೆಂಬುದು ಇದರಿಂದ ತಿಳಿಯುತ್ತಿತ್ತು. ಯಾವ ದಿನ, ಯಾವ ಹೊತ್ತಿನಲ್ಲಿ ಎಂಬುದು ತಿಳಿಯುತ್ತಿರಲಿಲ್ಲ. ಸಮಿತಿಯ ಕಾರ್ಯದರ್ಶಿ ಜಾನ್ ಸ್ವಿಟ್ಜರ್ ಓವೆನ್ಸ್ ಈ ಕೊರತೆಯನ್ನು ತುಂಬಲು ಸ್ವಯಂಚಾಲಿತ ಯಂತ್ರವೊಂದನ್ನು ರೂಪಿಸಿದರು. ಗಡಿಯಾರದ ಚಲನೆಗೆ ತಿರುಗುವ ದುಂಡನೆಯ ಫಿಲ್ಟರ್ ಕಾಗದದ ಮೂಲಕ ಅದು ಆಗಾಗ ನಿರ್ದಿಷ್ಟ ಪ್ರಮಾಣದ ಗಾಳಿಯನ್ನು ಎಳೆಯುತ್ತಿತ್ತು. ಕಾಗದದ ಸುತ್ತ ಸಾಲಾಗಿ ಮೂಡಿದ ಕಲೆಗಳ ಕಪ್ಪನ್ನು ವರ್ಣಪಟ್ಟಿಯೊಂದಿಗೆ ಹೋಲಿಸಿ ಅಂಕಿ ಕೊಡುತ್ತಿದ್ದರು.

ಅಲ್ಲಿಗೆ ತಕ್ಕಡಿಯ ಜಾಗಕ್ಕೆ ಕಣ್ಣು ಬಂತು. ಮುಂದೆ ಕಣ್ಣಿನ ಬದಲು ಪ್ರತಿಫಲಿತ ಬೆಳಕನ್ನು ಅಳೆಯುವ ರಿಫ್ಲೆಕ್ಟೋಮೀಟರ್ ಬಂದರೂ ಅಳೆಯುತ್ತಿದ್ದುದು ಕಪ್ಪನ್ನೇ. ಅದನ್ನು ಘನಮೀಟರಿಗೆ ಇಷ್ಟು ಮೈಕ್ರೋಗ್ರಾಂ ಎಂದು ಹೇಳಲು ಪರಿವರ್ತನಾ ರೇಖೆಯೊಂದು ಬೇಕಾಗಿತ್ತು. 1952ರ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ನನ್ನು ಮುಸುಕಿದ ಹೊಗೆಮಂಜಿನಲ್ಲಿ ಸುಮಾರು 4,000 ಹೆಚ್ಚುವರಿ ಸಾವುಗಳಾದವೆಂಬುದು ಅಂದಿನ ಅಂದಾಜು. 1954ರಲ್ಲಿ ಸಂಶೋಧಕ ಇ. ಟಿ. ವಿಲ್ಕಿನ್ಸ್ ಹೊಗೆಯ ಏರಿಳಿತವನ್ನೂ ಸಾವಿನ ಏರಿಳಿತವನ್ನೂ ಪಕ್ಕಪಕ್ಕದಲ್ಲಿಟ್ಟು ತೋರಿಸಿದರು. ಅವರು ಬಳಸಿದ್ದು ದಿನದ ಸರಾಸರಿಗಳನ್ನು. ಗಂಟೆಗಂಟೆಯ ಲೆಕ್ಕದ ಆಸೆ ಓವೆನ್ಸ್ ಕಾಲದ್ದೇ ಆದರೂ, 1956ರ ಶುದ್ಧ ವಾಯು ಕಾಯಿದೆಯ ಹಿಂದಿದ್ದ ವಾದಕ್ಕೆ ಈ ಒರಟು ಲೆಕ್ಕವೇ ಸಾಕಾಯಿತು.

1961ರಲ್ಲಿ ಬ್ರಿಟನ್ನಿನ ಹೊಗೆಯ ರಾಷ್ಟ್ರೀಯ ಸಮೀಕ್ಷೆ ಆರಂಭವಾದ ಮೇಲೆ ತೊಡಕು ಬಯಲಾಯಿತು. ಪರಿವರ್ತನಾ ರೇಖೆಯನ್ನು ಎಳೆದದ್ದು ಕಲ್ಲಿದ್ದಲಿನ ಹೊಗೆಗೆ. ಒಲೆಗಳು ಆರಿ ರಸ್ತೆಯಲ್ಲಿ ಡೀಸೆಲ್ ವಾಹನಗಳು ಹೆಚ್ಚಿದಾಗ ಅದೇ ರೇಖೆ ಸುಳ್ಳು ಹೇಳತೊಡಗಿತು, ಏಕೆಂದರೆ ಸಮತೂಕದ ಡೀಸೆಲ್ ಹೊಗೆ ಸುಮಾರು ಮೂರು ಪಟ್ಟು ಕಪ್ಪು. ಇನ್ನೂ ವಿಚಿತ್ರವೆಂದರೆ, ಬ್ರಿಟಿಷ್ ರೇಖೆಯೂ ಯೂರೋಪಿನವರ ರೇಖೆಯೂ ಬೇರೆಬೇರೆಯಾಗಿದ್ದವು. 1980ರ ಯೂರೋಪಿಯನ್ ನಿರ್ದೇಶನದಲ್ಲಿ 80 ಮೈಕ್ರೋಗ್ರಾಂ ಎಂದಿದ್ದ ವಾರ್ಷಿಕ ಮಿತಿ ಬ್ರಿಟಿಷ್ ಲೆಕ್ಕದಲ್ಲಿ 68. ಕಲೆ ಒಂದೇ, ಅಂಕಿ ಎರಡು!

ನಿರಂತರ ತೂಗುವ ಯಂತ್ರಗಳು ಬಂದರೂ ಸಮಸ್ಯೆ ಹೋಗಲಿಲ್ಲ. 1990ರ ದಶಕದಲ್ಲಿ ಬ್ರಿಟನ್ನಿನಲ್ಲಿ ವ್ಯಾಪಕವಾಗಿ ಬಳಕೆಯಾದ ‘ಟಿಯೋಮ್’ ಎಂಬ ಇಂಥ ಯಂತ್ರ ಗಾಳಿಯನ್ನು 50 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸುತ್ತಿತ್ತು. ಅಮೋನಿಯಂ ನೈಟ್ರೇಟ್‌ನಂಥ ಕಣಗಳು ಆ ಶಾಖಕ್ಕೆ ಆವಿಯಾಗಿ ತೂಕ ಕಡಿಮೆ ಬರುತ್ತಿತ್ತು. ಅದನ್ನು ಸರಿದೂಗಿಸಲು ಅಂಕಿಯನ್ನು 1.3ರಿಂದ ಗುಣಿಸುವ ರೂಢಿ ಬೆಳೆಯಿತು. ಕಣಗಳ ಸಂಯೋಜನೆ ದಿನದಿನಕ್ಕೂ ಬದಲಾಗುವಾಗ ಎಲ್ಲ ದಿನಕ್ಕೂ ಒಂದೇ ಗುಣಕ ಎಂಬುದು ಆಡಳಿತಕ್ಕೆ ಅನುಕೂಲ. ವಿಜ್ಞಾನವೆಂದು ಒಪ್ಪುವುದು ಕಷ್ಟ.

ಭಾರತದಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ರಾಷ್ಟ್ರೀಯ ಮಾಪನ ಜಾಲ 1984ರಲ್ಲಿ ಆಗ್ರಾ ಮತ್ತು ಅನ್ಪಾರಾಗಳ ಏಳು ಕೇಂದ್ರಗಳಿಂದ ಶುರುವಾಯಿತು. ಇಲ್ಲಿ ಕಪ್ಪನ್ನು ನಂಬದೆ, ಫಿಲ್ಟರನ್ನು ಮೊದಲೂ ಆಮೇಲೂ ತೂಗಿ ವ್ಯತ್ಯಾಸ ಹಿಡಿಯುವ ಪದ್ಧತಿ ನೆಲೆಯಾಯಿತು. ಇದರ ಮಿತಿ ಬೇರೆಯದು. 2009ರ ರಾಷ್ಟ್ರೀಯ ಮಾನದಂಡದ ಪ್ರಕಾರ ವಾರಕ್ಕೆ ಎರಡರಂತೆ ವರ್ಷಕ್ಕೆ ಕನಿಷ್ಠ 104 ಅಳತೆಗಳಿದ್ದರೆ ವಾರ್ಷಿಕ ಸರಾಸರಿ ಕೊಡಬಹುದು. ನಿರಂತರ ಮಾಪನ ಕೇಂದ್ರವಾದರೋ ವರ್ಷವಿಡೀ ಗಂಟೆಗಂಟೆಗೂ ದಾಖಲಿಸುತ್ತದೆ. ಬೆಂಗಳೂರಿನಲ್ಲಿ ಎರಡೂ ಬಗೆಯ ಕೇಂದ್ರಗಳಿವೆ, ಅವುಗಳ ಅಂಕಿಗಳನ್ನು ಒಂದೇ ಪಟ್ಟಿಯಲ್ಲಿ ಬೆರೆಸಿ ಓದುವುದೂ ಇದೆ. ವರದಿ ಹೊರಡಿಸುವವರು ಪ್ರತಿ ಅಂಕಿಯ ಪಕ್ಕದಲ್ಲೇ ಅಳೆದ ವಿಧಾನ, ಹಾಕಿದ ಗುಣಕ, ದತ್ತಾಂಶ ಸಿಕ್ಕ ಗಂಟೆಗಳು ಇಷ್ಟನ್ನೂ ಮುದ್ರಿಸಬೇಕು. ಇವಿಲ್ಲದೆ ದಶಕದಿಂದ ದಶಕಕ್ಕೆ ಮಾಡಿದ ಹೋಲಿಕೆಯನ್ನು ಸಂಶೋಧಕರು ಒಪ್ಪಬಾರದು.