ಬೆಳ್ಳಿ ಗದೆಯಿಂದ ಮೊಬೈಲ್ ಬ್ಯಾಡ್ಜ್‌ವರೆಗೆ: ಬಿರುದಿನಿಂದ ಆಟದ ಬೆಲೆ ಹೆಚ್ಚುತ್ತದೆಯೇ?

ನಮ್ಮ ಬಿಳಿಚೋಡು ಸುತ್ತಿನ ಯಾವ ಊರಿಗೆ ಹೋದರೂ ಸಂಜೆ ಹೊತ್ತು ಕಟ್ಟೆ ಮೇಲೆ ನಾಲ್ಕಾರು ಹುಡುಗರು ಮೊಬೈಲ್ ಅಡ್ಡ ಹಿಡಿದು ಕೂತಿರುತ್ತಾರೆ. ಬಿಜಿಎಂಐ ಆಟ. ಒಬ್ಬ ಕ್ರೌನ್, ಇನ್ನೊಬ್ಬ ಏಸ್, ಮತ್ತೊಬ್ಬ ಇನ್ನೂ ಡೈಮಂಡ್. ಮನೆಯವರು ಬೈಯುತ್ತಾರೆ, ಹುಡುಗರು ಕಿವಿಗೆ ಇಯರ್‌ಫೋನ್ ಹಾಕಿಕೊಳ್ಳುತ್ತಾರೆ. ಬೈಯುವ ಕೆಲಸ ನಮ್ಮದಲ್ಲ. ನಾವು ಕೇಳುವ ಪ್ರಶ್ನೆ ಬೇರೆ: ಈ ಪದಕ, ಬಿರುದು, ಶ್ರೇಣಿಗಳಿಂದ ಆಟದ ಬೆಲೆ ನಿಜವಾಗಿಯೂ ಹೆಚ್ಚುತ್ತದೆಯೇ? ಇದಕ್ಕೆ ಉತ್ತರ ಬೇಕಾದರೆ ಮೊಬೈಲ್ ಬರುವುದಕ್ಕೂ ಬಹಳ ಹಿಂದಕ್ಕೆ ಹೋಗಬೇಕು.

ಊರು ಕೊಟ್ಟ ಬಿರುದು

ಸಾಧನೆಯನ್ನು ಗುರುತು ಹಾಕಿ ಇಡುವುದು ಕನ್ನಡ ನಾಡಿಗೆ ಹೊಸದಲ್ಲ. ವೀರಗಲ್ಲುಗಳನ್ನು ನೋಡಿ. ತುರುಗಳನ್ನು ಕಳ್ಳರಿಂದ ಬಿಡಿಸಲು ಹೋಗಿ ಸತ್ತವನಿಗೆ ಕಲ್ಲು ನಿಲ್ಲಿಸುತ್ತಿದ್ದರು, ಅವನ ಮನೆಯವರಿಗೆ ಭೂಮಿ ಬಿಡುವುದೂ ಇತ್ತು. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನದ ಕಥೆ ಇನ್ನೂ ಸೊಗಸು. ಸುಮಾರು ಕ್ರಿ.ಶ. 949ರ ತಕ್ಕೋಲಂ ಯುದ್ಧದಲ್ಲಿ ಮೆರೆದ ಮಣಲೇರನಿಗೆ ಗಂಗ ದೊರೆ ಬೂತುಗ 'ಬೇಕಾದ್ದು ಕೇಳು' ಎಂದ. ಅವನು ಕೇಳಿದ್ದು ಕಾಳಿ ಎಂಬ ಬೇಟೆ ನಾಯಿಯನ್ನು. ಮುಂದೆ ಕಾಳಿ ದೊಡ್ಡ ಹಂದಿಯೊಂದರ ಜೊತೆ ಹೋರಾಡಿತು, ಎರಡೂ ಸತ್ತವು. ಆ ನಾಯಿಗೂ ಕಲ್ಲು ನಿಲ್ಲಿಸಿದರು, ಪೂಜೆಗೆ ಭೂಮಿ ಬಿಟ್ಟರು.

ಗರಡಿ ಮನೆಯ ಬಿರುದುಗಳೂ ಹೀಗೇ. ಮೈಸೂರು ದಸರಾ ಕುಸ್ತಿಯಲ್ಲಿ 'ದಸರಾ ಕಂಠೀರವ', 'ದಸರಾ ಕೇಸರಿ' ಅನ್ನಿಸಿಕೊಳ್ಳುವುದು ಪೈಲ್ವಾನರಿಗೆ ದೊಡ್ಡ ಮಾತು. ನಮ್ಮ ದಾವಣಗೆರೆಯ ದುಗ್ಗಮ್ಮನ ಜಾತ್ರೆಯಲ್ಲೂ ಕುಸ್ತಿ ಇದ್ದೇ ಇರುತ್ತದೆ. ಜಾತ್ರೆ ಕುಸ್ತಿಯಲ್ಲಿ ಗೆದ್ದವನು ಬೆಳ್ಳಿ ಗದೆ ಹೆಗಲ ಮೇಲಿಟ್ಟುಕೊಂಡು ಅಖಾಡ ಸುತ್ತಿದರೆ ಜನ ಶಿಳ್ಳೆ ಹಾಕುತ್ತಾರೆ. ಅವನು ಎದುರಾಳಿಯನ್ನು ಚಿತ್ ಮಾಡಿದ್ದನ್ನು ಆ ಜನರೇ ಕಣ್ಣಾರೆ ಕಂಡಿದ್ದಾರೆ. ಗದೆಯ ಬೆಲೆ ಬೆಳ್ಳಿಯ ತೂಕದಲ್ಲಿಲ್ಲ, ನೋಡಿದ ಆ ಕಣ್ಣುಗಳಲ್ಲಿದೆ.

ಕಂಪ್ಯೂಟರ್‌ಗೆ ಬಂದ ಬಿರುದು

ವಿಡಿಯೋ ಗೇಮ್‌ಗಳೂ ಮೊದಮೊದಲು ಇದೇ ದಾರಿ ಹಿಡಿದಿದ್ದವು. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಎಂಬ ವಿದ್ಯಾರ್ಥಿ ಶುರು ಮಾಡಿ, ರಿಚರ್ಡ್ ಬಾರ್ಟಲ್ ಬೆಳೆಸಿದ 'ಮಡ್' ಎಂಬ ಆಟದಲ್ಲಿ ಹಲವರು ಒಟ್ಟಿಗೆ ಆಡಬಹುದಿತ್ತು. ಚಿತ್ರವಿಲ್ಲ, ಬರೀ ಅಕ್ಷರ. ಸಾಕಷ್ಟು ಅಂಕ ಗಳಿಸಿದವನು ಅಲ್ಲಿ 'ಮಾಂತ್ರಿಕ'ನಾಗುತ್ತಿದ್ದ, ಆಟದೊಳಗೆ ಅವನಿಗೆ ನಿಜವಾದ ಅಧಿಕಾರ ಸಿಗುತ್ತಿತ್ತು. 1982ರಲ್ಲಿ ಆಕ್ಟಿವಿಷನ್ ಕಂಪನಿಯ 'ಪಿಟ್‌ಫಾಲ್' ಬಂತು. ಅದರಲ್ಲಿ 20,000 ಅಂಕ ಗಳಿಸಿ, ಟಿವಿ ಪರದೆಯ ಫೋಟೋ ತೆಗೆದು ಅಂಚೆಯಲ್ಲಿ ಕಳಿಸಿದರೆ ಅಂಗಿಗೆ ಹೊಲಿದುಕೊಳ್ಳುವ ಬಟ್ಟೆಯ ಬ್ಯಾಡ್ಜ್ ಬರುತ್ತಿತ್ತು.

ಆಮೇಲೆ ಲೆಕ್ಕ ಬದಲಾಯಿತು. 2005ರಲ್ಲಿ ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ 360 ಬಂದಾಗ ಅದಕ್ಕೆ ಮಾಡಿದ ಆಟಗಳಿಗೆಲ್ಲ 'ಅಚೀವ್‌ಮೆಂಟ್' ಪಟ್ಟಿ ಸೇರಿತು. ಆಟಗಾರನ ಹೆಸರಿನ ಜೊತೆ ಒಟ್ಟು ಅಂಕವೂ ಕಾಣತೊಡಗಿತು. 2008ರಲ್ಲಿ ಲಕ್ಷಾಂತರ ಜನ ಆನ್‌ಲೈನ್‌ನಲ್ಲಿ ಕೂಡಿ ಆಡುತ್ತಿದ್ದ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್'ಗೂ ಅದು ಬಂತು. ಗೆದ್ದ ಮೇಲೆ ಜನ ಕೊಡುತ್ತಿದ್ದ ಗುರುತು, ಆಡುವ ಮೊದಲೇ ಕಂಪನಿ ಬರೆದಿಟ್ಟ ಪಟ್ಟಿಯಾಯಿತು.

ಒಳ್ಳೆಯದೂ ಇದೆ

ಎಲ್ಲವೂ ಕೆಟ್ಟದ್ದೆಂದರೆ ತಪ್ಪಾಗುತ್ತದೆ. ಕುಸ್ತಿಯಲ್ಲಿ ಮೊದಲು ಜೋಡಿ ಕಟ್ಟುತ್ತಾರೆ. ತೂಕ, ಅನುಭವ ನೋಡಿ ಸಮಬಲದವರನ್ನು ಎದುರು ಬದುರು ಬಿಡುತ್ತಾರೆ. ಹೊಸಬನನ್ನು ಪಳಗಿದ ಪೈಲ್ವಾನನ ಮುಂದೆ ನಿಲ್ಲಿಸಿದರೆ ಇಬ್ಬರಿಗೂ ಆಟವಿಲ್ಲ. ಬ್ರಾಂಜ್‌ನಿಂದ ಏಸ್‌ವರೆಗಿನ ಶ್ರೇಣಿ ಮಾಡುವ ಒಳ್ಳೆಯ ಕೆಲಸ ಇದೇ, ಜೋಡಿ ಕಟ್ಟುವುದು. ಹೊಸಬನಿಗೆ 'ಮುಂದೇನು ಕಲಿಯಬೇಕು' ಎಂಬ ದಾರಿಯೂ ಅದರಲ್ಲಿ ಕಾಣುತ್ತದೆ.

ಆದರೆ ಗುರುತೇ ಗುರಿಯಾದಾಗ ಆಟ ಕೆಡುತ್ತದೆ. ಹೆಚ್ಚು ಹೊತ್ತು ಉಳಿದರೆ ಹೆಚ್ಚು ಅಂಕ ಎಂದಾದರೆ ಹುಡುಗ ಪೊದೆಯಲ್ಲಿ ಅಡಗಿ ಕೂರುತ್ತಾನೆ, ಜೊತೆಯವನು ಗುಂಡು ತಿಂದು ಕೂಗಿದರೂ ಏಳುವುದಿಲ್ಲ. ಇಂಥದೇ ಬಂದೂಕಿನಲ್ಲಿ ಇಷ್ಟು ಜನರನ್ನು ಹೊಡೆ ಎಂದು ಮಿಷನ್ ಬಂದರೆ ತಂಡ ಬಿಟ್ಟು ಬಂದೂಕು ಹುಡುಕಿಕೊಂಡು ಹೋಗುತ್ತಾನೆ. ನಾಲ್ವರ ಆಟ ನಾಲ್ಕು ಒಂಟಿ ಆಟಗಳಾಗುತ್ತದೆ.

ಇದಕ್ಕೆ ಹತ್ತಿರದ ಮಾತನ್ನು 1973ರಲ್ಲೇ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಲೆಪ್ಪರ್, ಗ್ರೀನ್, ನಿಸ್ಬೆಟ್ ತೋರಿಸಿದ್ದರು. ಚಿತ್ರ ಬರೆಯುವುದೆಂದರೆ ಇಷ್ಟಪಡುವ ಶಿಶುವಿಹಾರದ ಮಕ್ಕಳಲ್ಲಿ ಕೆಲವರಿಗೆ 'ಬರೆದರೆ ಪ್ರಶಸ್ತಿ ಕೊಡುತ್ತೇವೆ' ಎಂದು ಮೊದಲೇ ಹೇಳಿದರು. ಕೆಲವರಿಗೆ ಹೇಳದೆ ಕೊಟ್ಟರು, ಕೆಲವರಿಗೆ ಏನೂ ಕೊಡಲಿಲ್ಲ. ಆಮೇಲೆ ಬಿಡುವಿನಲ್ಲಿ ತಾವಾಗಿಯೇ ಬರೆಯುವುದನ್ನು ಕಡಿಮೆ ಮಾಡಿದವರು ಮೊದಲ ಗುಂಪಿನವರು. ಆಸೆ ತೋರಿಸಿ ಕೊಟ್ಟ ಪ್ರಶಸ್ತಿ ಇದ್ದ ಆಸಕ್ತಿಯನ್ನೇ ತಿಂದಿತ್ತು.

ಕಲ್ಲು ಉಳಿಯುತ್ತದೆ, ಬ್ಯಾಡ್ಜ್?

ಇನ್ನೊಂದು ವ್ಯತ್ಯಾಸವಿದೆ. ಸೀಸನ್ ಮುಗಿದರೆ ಮೊಬೈಲಿನ ಶ್ರೇಣಿ ಕೆಳಗಿಳಿಯುತ್ತದೆ, ಮತ್ತೆ ಹತ್ತಬೇಕು. ನಿನ್ನೆಯ ಗೆಲುವು ಇವತ್ತಿಗೆ ಸಾಲದು ಎನ್ನುವುದರಲ್ಲೇ ಕಂಪನಿಯ ವ್ಯಾಪಾರವಿದೆ. ರಾಯಲ್ ಪಾಸ್, ಯುಸಿ ಎಂದು ದುಡ್ಡು ಹೋಗುವುದೂ ಇಲ್ಲೇ. 2020ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಪಬ್‌ಜಿ ಮೊಬೈಲ್ ನಿಷೇಧಿಸಿತು, ಅಕ್ಟೋಬರ್ 30ಕ್ಕೆ ಸರ್ವರ್ ಬಾಗಿಲು ಮುಚ್ಚಿತು. ವರ್ಷಗಟ್ಟಲೆ ಕೂಡಿಸಿದ್ದು ಒಂದೇ ದಿನದಲ್ಲಿ ಕೈಗೆ ಸಿಗದಾಯಿತು. 2021ರ ಜುಲೈನಲ್ಲಿ ಬಿಜಿಎಂಐ ಬಂದಾಗ ಹಳೆಯ ಖಾತೆಯ ಸಾಮಾನು ತರಲು ಬಿಟ್ಟರು, ನಿಜ. ಬಿಟ್ಟರು ಅನ್ನುವುದೇ ಇಲ್ಲಿ ಮುಖ್ಯ. ಬೀಗದ ಕೈ ಅವರ ಹತ್ತಿರವಿತ್ತು. ಆತಕೂರಿನ ಕಲ್ಲಿಗೆ ಸಾವಿರ ವರ್ಷ ದಾಟಿದೆ, ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ನೋಡಬಹುದು.

ಹಾಗಾಗಿ ನಮ್ಮ ಅಭಿಪ್ರಾಯ ಇಷ್ಟು. ಸಮಬಲದ ಜೋಡಿ ಕಟ್ಟುವ ಶ್ರೇಣಿ ಆಟಕ್ಕೆ ಬೆಲೆ ತರುತ್ತದೆ. ಜೊತೆಗೆ ಆಡಿದವರು ಕಂಡು ಮೆಚ್ಚಿದ ಗೆಲುವೂ ತರುತ್ತದೆ. ದಿನಾ ಬಾ, ದುಡ್ಡು ಹಾಕು ಎಂದು ಕರೆಯುವ ಬ್ಯಾಡ್ಜ್ ಕಂಪನಿಗೆ ಬೆಲೆ ತರುತ್ತದೆ, ಆಟಕ್ಕಲ್ಲ. ತಮ್ಮಂದಿರೇ, ತಂಗಿಯರೇ, ಮುಂದಿನ ಸಲ ಯುಸಿ ಕೊಳ್ಳುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಬ್ಯಾಡ್ಜ್ ಇಲ್ಲದಿದ್ದರೂ ಈ ಗೆಳೆಯರ ಜೊತೆ ಇವತ್ತು ಆಡುತ್ತಿದ್ದಿರಾ? ಹೌದು ಅಂದರೆ ಆಡಿ, ಅದಕ್ಕೆ ದುಡ್ಡು ಬೇಕಿಲ್ಲ. ಇಲ್ಲ ಅಂದರೆ ಮೊಬೈಲ್ ಪಕ್ಕಕ್ಕಿಡಿ.