ಶರಾವತಿಯ ಎರಡು ಲೆಕ್ಕಗಳು

ವಿದ್ಯುತ್ತಿನ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಮೆಗಾವಾಟ್‌ಗಳಲ್ಲಿ ಬರೆಯುತ್ತೇವೆ. ಶರಾವತಿಯ ಮಟ್ಟಿಗೆ ಆ ಲೆಕ್ಕವೇನೂ ಸಣ್ಣದಲ್ಲ. ೧೯೪೮ರಲ್ಲಿ ಕೆಲಸ ಆರಂಭಿಸಿದ ಜೋಗದ ವಿದ್ಯುದಾಗಾರದ ಸಾಮರ್ಥ್ಯ ಮುಂದೆ ೧೨೦ ಮೆಗಾವಾಟ್‌ಗೆ ಏರಿತು. ಅದಕ್ಕೆ ನೀರೊದಗಿಸಿದ್ದು ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು.

ಆ ಅಣೆಕಟ್ಟಿನ ಆಯುಸ್ಸು ಎರಡು ದಶಕ ತುಂಬುವ ಮೊದಲೇ, ೧೯೬೪ರಲ್ಲಿ, ಅದರ ಕೆಳಗೆ ಲಿಂಗನಮಕ್ಕಿ ಎದ್ದು ನಿಂತಿತು. ಉದ್ದ ೨.೭ ಕಿಲೋಮೀಟರು, ಒಡಲಿನಲ್ಲಿ ೧೫೧ ಟಿ.ಎಂ.ಸಿ. ಅಡಿ ನೀರು. ಆ ನೀರು ತಲಕಳಲೆಯಲ್ಲಿ ತಂಗಿ, ಕೊಳವೆಗಳ ಮೂಲಕ ಘಟ್ಟದ ಬುಡಕ್ಕೆ ಧುಮುಕಿ ಹತ್ತು ಯಂತ್ರಗಳನ್ನು ತಿರುಗಿಸುತ್ತದೆ. ಅವುಗಳ ಒಟ್ಟು ಸಾಮರ್ಥ್ಯ ೧,೦೩೫ ಮೆಗಾವಾಟ್.

೧೯೮೫ರಲ್ಲಿ ರಾಯಚೂರಿನಲ್ಲಿ ಕಲ್ಲಿದ್ದಲು ಉರಿಯತೊಡಗುವವರೆಗೆ ರಾಜ್ಯದ ದೀಪಗಳು ಬಹುಮಟ್ಟಿಗೆ ಮಳೆಯನ್ನೇ ನಂಬಿದ್ದವು. ಮಲೆನಾಡಿನಲ್ಲಿ ಮುಂಗಾರು ಕೈಕೊಟ್ಟರೆ ಬೆಂಗಳೂರಿನ ಕಾರ್ಖಾನೆಗಳಿಗೆ ಆತಂಕ. ೨೦೧೩ರ ಡಿಸೆಂಬರ್ ೩೧ರಂದು ರಾಯಚೂರು–ಸೊಲ್ಲಾಪುರ ಮಾರ್ಗವು ದಕ್ಷಿಣದ ವಿದ್ಯುಜ್ಜಾಲವನ್ನು ಇಡೀ ದೇಶದ ಜಾಲದೊಡನೆ ಬೆಸೆಯಿತು. ಆರಿದ ಕಲ್ಲಿದ್ದಲಿನ ಸ್ಥಾವರಕ್ಕೆ ಮತ್ತೆ ಕಾವೇರಲು ಗಂಟೆಗಳು ಬೇಕು. ನೀರಿನ ಚಕ್ರಕ್ಕೆ ಕೆಲವು ನಿಮಿಷ ಸಾಕು. ಸಂಜೆ ಬೇಡಿಕೆ ಒಮ್ಮೆಲೇ ಏರಿದಾಗ ಜಾಲವನ್ನು ಹಿಡಿದು ನಿಲ್ಲಿಸುವುದು ಇಂಥ ನೀರೇ.

ಇದು ಮೊದಲ ಲೆಕ್ಕ. ಎರಡನೆಯದು ನೀರಿನಡಿಯಲ್ಲಿದೆ. ಲಿಂಗನಮಕ್ಕಿ ತುಂಬಿದಾಗ ಹಿರೇಭಾಸ್ಕರ ಅಣೆಕಟ್ಟೂ ಮುಳುಗಿತು. ನೀರು ಬಹಳ ಇಳಿದ ಬೇಸಿಗೆಗಳಲ್ಲಿ ಅದು ಇಂದಿಗೂ ಮೇಲೆದ್ದು ಕಾಣುತ್ತದೆ. ಅದರೊಡನೆ ಮುಳುಗಿದ ಗದ್ದೆ, ತೋಟ, ಮನೆಗಳು ಹಾಗೆ ಮರಳಲಿಲ್ಲ. ಮೊದಲ ಜಲಾಶಯಕ್ಕೆ ನೆಲ ಬಿಟ್ಟುಕೊಟ್ಟ ಕೆಲವು ಕುಟುಂಬಗಳು ಎರಡನೆಯದಕ್ಕಾಗಿ ಮತ್ತೊಮ್ಮೆ ಗಂಟುಮೂಟೆ ಕಟ್ಟಿದವು. ಶಿವಮೊಗ್ಗ ಜಿಲ್ಲೆಯ ಕಾಡಿನ ನೆಲದಲ್ಲಿ ನೆಲೆಗೊಂಡವರು ಹಕ್ಕುಪತ್ರಕ್ಕಾಗಿ ದಶಕಗಟ್ಟಲೆ ಅಲೆದರು. ಹಿನ್ನೀರಿನಾಚೆಗೆ ಉಳಿದ ತುಮರಿಯ ಸೀಮೆಗೆ ಲಾಂಚೇ ದಾರಿಯಾಯಿತು. ಅಲ್ಲಿಗೆ ಸೇತುವೆ ತೆರೆದದ್ದು ೨೦೨೫ರ ಜುಲೈನಲ್ಲಿ.

ಯೋಜನೆಯ ಕಚೇರಿಯಲ್ಲೇ ದುಡಿದ ನಾ. ಡಿಸೋಜ ಅವರು 'ಮುಳುಗಡೆ', 'ದ್ವೀಪ' ಕಾದಂಬರಿಗಳಲ್ಲಿ ಈ ಎರಡನೆಯ ಲೆಕ್ಕವನ್ನು ಬರೆದಿಟ್ಟರು. ಕಡತಗಳಲ್ಲಿ ಎಕರೆಗಳಾಗಿ ಉಳಿದುದು ಅಲ್ಲಿ ಮನುಷ್ಯರಾಯಿತು.

ಅಣೆಕಟ್ಟು ಬೇಡವಾಗಿತ್ತೆಂದು ನಾನು ಹೇಳಲಾರೆ. ಅದರ ಬೆಳಕಿನಲ್ಲೇ ಓದಿ ಬೆಳೆದವರಲ್ಲಿ ನಾನೂ ಒಬ್ಬ. ನನ್ನ ಕೋರಿಕೆ ಇಷ್ಟೇ: ಶರಾವತಿಯ ಪಾಠ ಹೇಳುವಾಗ ಮಕ್ಕಳಿಗೆ ಮೆಗಾವಾಟ್‌ಗಳ ಜೊತೆಗೆ ಮುಳುಗಿದ ಊರುಗಳ ಹೆಸರುಗಳನ್ನೂ ಕಲಿಸೋಣ.