ಬೂದಿಯೊಳಗಿನ ಕೆಂಡ

1996ರಲ್ಲಿ ಸಂಯುಕ್ತ ಔಷಧ ಚಿಕಿತ್ಸೆ ಬಳಕೆಗೆ ಬಂದ ಮೇಲೆ ಎಚ್‌ಐವಿ ಸೋಂಕಿತರ ಆಯುಸ್ಸಿನ ಲೆಕ್ಕವೇ ಬದಲಾಯಿತು. ಆದರೆ ಅಂದಿನ ಮಾತ್ರೆಗಳು ಸೌಮ್ಯವಾಗಿರಲಿಲ್ಲ. ಕೆಲವರ ಕೆನ್ನೆಯ ಕೊಬ್ಬು ಕರಗಿತು, ಅಂಗಾಲು ಉರಿಯಿತು, ರಕ್ತದಲ್ಲಿ ಕೊಲೆಸ್ಟರಾಲ್ ಏರಿತು. ಮದ್ದೇ ಹೃದಯವನ್ನು ಕೆಡಿಸೀತೆಂಬ ಅಳುಕು ವೈದ್ಯರಲ್ಲೂ ಇತ್ತು. ದೇಹ ಸುಧಾರಿಸಿಕೊಂಡಾಗ ಔಷಧಕ್ಕೆ ಬಿಡುವು ಕೊಟ್ಟರೇನು? ಪ್ರಶ್ನೆ ಹುಟ್ಟಿದ್ದು ಉದಾಸೀನದಿಂದಲ್ಲ, ಕನಿಕರದಿಂದ.

ಅದನ್ನು ಪರೀಕ್ಷಿಸಲು ನಡೆದದ್ದೇ 'ಸ್ಮಾರ್ಟ್' ಅಧ್ಯಯನ: 33 ದೇಶಗಳು, 5,472 ಜನ. ಅರ್ಧದಷ್ಟು ಮಂದಿ ಔಷಧವನ್ನು ಎಡೆಬಿಡದೆ ಸೇವಿಸಿದರು. ಉಳಿದವರಿಗೆ ಸಿಡಿ4 ಕಣಗಳು 350ಕ್ಕಿಂತ ಹೆಚ್ಚಿದ್ದಾಗ ಔಷಧ ನಿಲ್ಲಿಸಿ, 250ಕ್ಕಿಂತ ಕೆಳಗಿಳಿದಾಗ ಮತ್ತೆ ಕೊಡಲಾಯಿತು. 2006ರ ಜನವರಿಯಲ್ಲಿ ಈ ಪ್ರಯೋಗವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಬಿಡುವಿನ ಗುಂಪಿನಲ್ಲಿ ಸತ್ತವರು 55, ಇನ್ನೊಂದರಲ್ಲಿ 30. ಸತ್ತವರಲ್ಲಿ ಏಡ್ಸ್‌ನ ಸೋಂಕುಗಳಿಗೆ ಬಲಿಯಾದವರು ಕೆಲವರೇ. ಮದ್ದು ಬಿಟ್ಟರೆ ಉಳಿದೀತೆಂದು ನಂಬಿದ್ದ ಹೃದಯ, ಮೂತ್ರಪಿಂಡ, ಯಕೃತ್ತುಗಳ ಗಂಭೀರ ಕಾಯಿಲೆ ಬಿಟ್ಟವರಲ್ಲೇ ಹೆಚ್ಚಾಗಿತ್ತು!

ಕಾರಣ ಸಿಕ್ಕಿದ್ದು ಅದೇ ಜನರಿಂದ ಪಡೆದು ಕಾಪಿಟ್ಟಿದ್ದ ರಕ್ತದಲ್ಲಿ. ಉರಿಯೂತದ ಗುರುತಾದ ಇಂಟರ್‌ಲ್ಯೂಕಿನ್-6 ಮತ್ತು ಹೆಪ್ಪುಗಟ್ಟುವಿಕೆಯ ಗುರುತಾದ ಡಿ-ಡೈಮರ್ ಹೆಚ್ಚಿದ್ದವರಿಗೇ ಸಾವಿನ ಅಪಾಯ ಹೆಚ್ಚೆಂದು 2008ರಲ್ಲಿ ಪ್ರಕಟವಾಯಿತು. ಇನ್ನೊಂದು ಎಳೆ 2006ರಲ್ಲೇ ಕಂಡಿತ್ತು: ವೈರಾಣು ಮೊದಲ ವಾರಗಳಲ್ಲೇ ಕರುಳಿನ ರಕ್ಷಣಾಕಣಗಳನ್ನು ಸೂರೆಗೊಳ್ಳುತ್ತದೆ, ಬಿರುಕುಬಿಟ್ಟ ಆ ಗೋಡೆಯಿಂದ ಬ್ಯಾಕ್ಟೀರಿಯಾದ ತುಣುಕುಗಳು ರಕ್ತಕ್ಕೆ ಜಿನುಗಿ ರೋಗನಿರೋಧ ವ್ಯವಸ್ಥೆಯನ್ನು ಸದಾ ಕೆಣಕುತ್ತವೆ. ಔಷಧ ಈ ಉರಿಯನ್ನು ತಗ್ಗಿಸುತ್ತದೆ, ಪೂರ್ತಿ ಆರಿಸದು.

ಭಾರತದಲ್ಲಿ ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈಯಲ್ಲಿ, ಡಾ. ಸುನೀತಿ ಸಾಲೊಮನ್ ಅವರ ಮಾರ್ಗದರ್ಶನದಲ್ಲಿ. ಸರ್ಕಾರದ ಉಚಿತ ಔಷಧ ಬಂದದ್ದು 2004ರಲ್ಲಿ. ಸಿಡಿ4 ಎಷ್ಟೇ ಇರಲಿ, ಸೋಂಕು ತಿಳಿದೊಡನೆ ಚಿಕಿತ್ಸೆ ಎಂಬ ನೀತಿಗೆ 2017ರವರೆಗೆ ಕಾಯಬೇಕಾಯಿತು. ಈ ನಡುವಿನ ವರ್ಷಗಳಲ್ಲಿ ಕಣಗಳು ಕುಸಿಯಲೆಂದು ಕಾದವರ ರಕ್ತನಾಳಗಳು ತೆತ್ತ ಬೆಲೆಯನ್ನು ನಮ್ಮ ಇತಿಹಾಸ ಲೆಕ್ಕವಿಟ್ಟಿಲ್ಲವೆಂದೇ ನನ್ನ ಭಾವನೆ.

2023ರಲ್ಲಿ 'ರಿಪ್ರೀವ್' ಅಧ್ಯಯನ ತುಸು ನೆಮ್ಮದಿ ತಂದಿತು. ಭಾರತವೂ ಸೇರಿ 12 ದೇಶಗಳ 7,769 ಜನರಲ್ಲಿ, ದಿನಕ್ಕೊಂದು ಪಿಟಾವಾಸ್ಟಾಟಿನ್ ಮಾತ್ರೆ ಹೃದಯಾಘಾತ, ಪಾರ್ಶ್ವವಾಯುವಿನಂಥ ಅವಘಡಗಳನ್ನು ಶೇಕಡಾ 35ರಷ್ಟು ತಗ್ಗಿಸಿತು. ಇವರೆಲ್ಲ 40 ದಾಟಿದವರು, ಸಾಮಾನ್ಯ ಲೆಕ್ಕಾಚಾರದಲ್ಲಿ ಹೃದ್ರೋಗದ ಅಪಾಯ ಅಷ್ಟೇನೂ ಇಲ್ಲವೆನಿಸಿಕೊಂಡವರು. 2004ರಲ್ಲಿ ಮೂವತ್ತರ ಹರೆಯದಲ್ಲಿ ಉಚಿತ ಮಾತ್ರೆಗೆ ಕೈಯೊಡ್ಡಿದವರಿಗೆ ಈಗ ಐವತ್ತು ದಾಟಿದೆ.